ನಾಲ್ಕನೇ ಚೌಕ ಖಾಲಿ ಇರಲಿ

ಮಕ್ಕಳಿಗೆ ಕತೆ ಹೇಳುವವರು ಬಹಳ ಮಂದಿ ಇದ್ದಾರೆ. ಕತೆ ಕಟ್ಟುವುದನ್ನು ಕಲಿಸುವವರು ಕಡಿಮೆ. ಒಂದು ಪೆನ್ಸಿಲ್ಲು, ನಾಲ್ಕು ಚೌಕ, ಅಮ್ಮನ ಹಳೆಯ ದುಪಟ್ಟಾ ಇಷ್ಟಿದ್ದರೆ ಆ ಕೆಲಸವನ್ನು ಎಲ್ಲಿಂದ ಶುರು ಮಾಡಬಹುದು?

ಬೇಸಿಗೆ ಶಿಬಿರದ ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಇಪ್ಪತ್ತು ಚಿಲ್ಲರೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಹಾಳೆ ಹಂಚಿ, ‘ನಿಮಗೆ ಇಷ್ಟ ಬಂದ ಒಂದು ಕತೆ ಬರೆಯಿರಿ’ ಎಂದುಬಿಟ್ಟೆ. ಅರ್ಧ ಗಂಟೆ ಕಳೆದು ಹಾಳೆಗಳು ಕೈಗೆ ಬಂದವು. ಹೆಚ್ಚಿನವು ‘ಒಂದಾನೊಂದು ಊರಿನಲ್ಲಿ’ ಎಂದು ಶುರುವಾಗಿ ‘ಈ ಕತೆಯ ನೀತಿ’ ಎಂದು ಮುಗಿದಿದ್ದವು. ನಡುವೆ ಮೊಲ, ಆಮೆ, ದುರಾಸೆಯ ನಾಯಿ. ಎಲ್ಲರೂ ಪಠ್ಯಪುಸ್ತಕದಿಂದ ಎದ್ದು ಬಂದು ಹಾಳೆಯ ಮೇಲೆ ಮಲಗಿದವರು. ತಪ್ಪಿಲ್ಲದ ಅಕ್ಷರ, ಸರಿಯಾದ ಅಂಚು. ಕತೆ ಮಾತ್ರ ಯಾರದೂ ಅಲ್ಲ.

ಒಬ್ಬ ಹುಡುಗಿಯ ಹಾಳೆಯಲ್ಲಿ ಮೂರೇ ಸಾಲು ಇತ್ತು. ಎಂಟು ವರ್ಷ ಇರಬಹುದು. ಒತ್ತಕ್ಷರ ಕಂಡರೆ ಅವಳಿಗೆ ಜ್ವರ ಬರುತ್ತದೆ ಎಂದು ಜೊತೆಗೆ ಬಂದಿದ್ದ ಅಕ್ಕ ಮೊದಲೇ ಚಾಡಿ ಹೇಳಿದ್ದಳು. ಹಾಳೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಎಳೆದ ನಾಲ್ಕು ಚೌಕ. ಮೊದಲನೆಯದರಲ್ಲಿ ಎರಡು ಮನೆ, ಎರಡು ಹಕ್ಕಿ. ಎರಡನೆಯದರಲ್ಲಿ ಚೌಕ ತುಂಬ ಗೀರು ಗೀರು ಮಳೆ, ಒಂದು ಮನೆ ಕರಗಿ ಬೆಲ್ಲದ ಪಾಕದ ಹಾಗೆ ಹರಿಯುತ್ತಿದೆ. ಮೂರನೆಯದರಲ್ಲಿ ಮುಚ್ಚಿದ ಬಾಗಿಲು, ಎದುರಿಗೆ ತೊಯ್ದ ಕಾಗೆ. ನಾಲ್ಕನೆಯದು ಖಾಲಿ.

‘ಇದರಲ್ಲಿ ಏನೂ ಇಲ್ವಲ್ಲ?’ ಎಂದೆ.

‘ಅದು ಇನ್ನೂ ಗೊತ್ತಾಗಿಲ್ಲ ಮಿಸ್. ಗುಬ್ಬಕ್ಕ ಬಾಗಿಲು ತೆಗೀತಾಳೋ ಇಲ್ವೋ ಅಂತ.’

ಗುಬ್ಬಕ್ಕ-ಕಾಗಕ್ಕನ ಕತೆ ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ಗುಬ್ಬಕ್ಕನದು ಕಲ್ಲಿನ ಮನೆ, ಕಾಗಕ್ಕನದು ಸಗಣಿಯ ಮನೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅವಳು ಬಂದು ಬಾಗಿಲು ಬಡಿಯುತ್ತಾಳೆ. ಮಗುವಿಗೆ ನೀರು ಹಾಕಬೇಕು, ಊಟ ಮಾಡಿಸಬೇಕು, ಮಲಗಿಸಬೇಕು ಎಂದು ಒಳಗಿನಿಂದ ಒಂದೊಂದೇ ನೆವ ಬರುತ್ತಲೇ ಇರುತ್ತದೆ. ಕೊನೆ ಮಾತ್ರ ಮನೆಯಿಂದ ಮನೆಗೆ, ಅಜ್ಜಿಯಿಂದ ಅಜ್ಜಿಗೆ ಬೇರೆ. ಈ ಹುಡುಗಿಯೂ ಯಾವುದೋ ಒಂದು ಕೊನೆಯನ್ನು ಕೇಳಿಯೇ ಇರುತ್ತಾಳೆ. ಆದರೂ ಅವಳು ಕೇಳಿದ್ದನ್ನು ಒಪ್ಪಿಸಲಿಲ್ಲ. ಮೂರನೇ ಚೌಕದಲ್ಲಿ ನಿಂತು ಯೋಚಿಸುತ್ತಿದ್ದಳು. ಕತೆಗಾರರು ಮಾಡುವ ಕೆಲಸ ಅದೇ. ಹಾಳೆಯ ಹಿಂಬದಿಯಲ್ಲಿ ಅದು ನಡೆಯುತ್ತಿತ್ತು, ನಾನು ಮುಂಬದಿಗೆ ಅಂಕ ಹಾಕಲು ಹೊರಟಿದ್ದೆ.

ಕತೆ ಕಟ್ಟುವುದೆಂದರೆ ಆಯ್ಕೆ ಮಾಡುವುದು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾರಿಗೆ ಏನು ಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆಯ್ಕೆ. ಎಂಟು ವರ್ಷದ ಮಗುವಿಗೆ ಈ ಬುದ್ಧಿ ಇರುತ್ತದೆ, ಬರವಣಿಗೆಯ ವೇಗ ಇರುವುದಿಲ್ಲ. ಮನಸ್ಸಿನ ಕತೆ ಕುದುರೆಯಂತೆ ಓಡಿದರೆ ಕೈ ಎತ್ತಿನಗಾಡಿ. ‘ಇದ್ದಕ್ಕಿದ್ದಂತೆ’ ಎಂದು ಬರೆಯುವಷ್ಟರಲ್ಲಿ ಇದ್ದಕ್ಕಿದ್ದಂತೆ ಆಗಬೇಕಾದದ್ದು ತಣ್ಣಗಾಗಿರುತ್ತದೆ. ಅದಕ್ಕೇ ಬಹಳ ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ, ಗೊತ್ತಿರುವ ಕತೆ, ಗೊತ್ತಿರುವ ನೀತಿ. ಚಿತ್ರ, ಕಾಮಿಕ್ಸ್, ನಾಟಕಗಳಿಗೆ ಇಲ್ಲಿ ಕೆಲಸವಿದೆ. ಅಕ್ಷರದ ಬಾಗಿಲು ಮಗುವಿಗೆ ಇನ್ನೂ ಪೂರ್ತಿ ತೆರೆದಿಲ್ಲ ಎನ್ನುವ ಕಾಲಕ್ಕೆ ಅವು ಹಿತ್ತಲ ಬಾಗಿಲುಗಳು.

ಗೋಡೆಯಾಚೆ ಕಾಣುವ ಕಣ್ಣು

ಆರು ವರ್ಷದ ಮಗುವಿಗೆ ಗುಬ್ಬಕ್ಕನ ಮನೆ ಬಿಡಿಸು ಎನ್ನಿ. ಮನೆಗೆ ಗೋಡೆ ಇರುತ್ತದೆ, ಬಾಗಿಲು ಇರುತ್ತದೆ, ಆದರೂ ಒಳಗಿನ ತೊಟ್ಟಿಲು, ಒಲೆ, ಮರಿಗುಬ್ಬಿ ಎಲ್ಲ ಗೋಡೆಯ ಮೂಲಕವೇ ಕಾಣುತ್ತವೆ. ದೊಡ್ಡವರು ನಕ್ಕು, ‘ಗೋಡೆ ಇದ್ದ ಮೇಲೆ ಒಳಗಿನದು ಹೇಗೆ ಕಾಣುತ್ತೆ?’ ಎನ್ನುತ್ತಾರೆ. ಫ್ರಾನ್ಸಿನ ಜಾರ್ಜ್ ಹೆನ್ರಿ ಲುಕೆ ಮಕ್ಕಳ ಚಿತ್ರಗಳ ಬಗ್ಗೆ 1927ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಮಗು ಕಂಡದ್ದನ್ನು ಬಿಡಿಸುವುದಿಲ್ಲ, ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ. ಮನೆಯೊಳಗೆ ಗುಬ್ಬಕ್ಕ ಇದ್ದಾಳೆಂದು ಅದಕ್ಕೆ ಗೊತ್ತು. ಗೊತ್ತಿರುವುದನ್ನು ಬಿಟ್ಟರೆ ಅದರ ಲೆಕ್ಕದಲ್ಲಿ ಚಿತ್ರ ಸುಳ್ಳಾಗುತ್ತದೆ.

ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕಲಾ ಶಿಕ್ಷಕ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರಗಳನ್ನು ವಯಸ್ಸಿನ ಮೆಟ್ಟಿಲುಗಳಾಗಿ ವಿಂಗಡಿಸಿದರು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚಾಟ. ಆಮೇಲೆ ತಲೆಯಿಂದಲೇ ಕಾಲು ಹೊರಟ ಮನುಷ್ಯರು. ಏಳರ ಸುಮಾರಿಗೆ ಹಾಳೆಯ ಕೆಳಗೊಂದು ನೆಲದ ಗೆರೆ, ಅದರ ಮೇಲೆ ಸಾಲಾಗಿ ನಿಂತ ಮರ, ಮನೆ, ಅಪ್ಪ, ಅಮ್ಮ. ಒಂಬತ್ತು ದಾಟಿದ ಮೇಲೆ ಮಗು ತನ್ನ ಚಿತ್ರವನ್ನು ತಾನೇ ಅನುಮಾನದಿಂದ ನೋಡತೊಡಗುತ್ತದೆ. ಮುಖ್ಯವಾದವರು ದೊಡ್ಡದಾಗಿ, ಉಳಿದವರು ಸಣ್ಣದಾಗಿ ಕಾಣಿಸಿಕೊಳ್ಳುವುದು ಅದಕ್ಕೂ ಮೊದಲಿನ ಸಣ್ಣ ವಯಸ್ಸಿನಲ್ಲೇ. ಮನೆಗಿಂತ ದೊಡ್ಡ ಅಜ್ಜಿ, ಬಸ್ಸಿಗಿಂತ ದೊಡ್ಡ ಬೆಕ್ಕು.

ಇದನ್ನು ತಿದ್ದಬೇಕಾದ ತಪ್ಪೆಂದು ತಿಳಿಯುವವರು ನಮ್ಮ ತೊಗಲು ಗೊಂಬೆಗಳನ್ನು ಒಮ್ಮೆ ನೋಡಬೇಕು. ಕರ್ನಾಟಕದ ತೊಗಲು ಗೊಂಬೆಯಾಟದಲ್ಲಿ ರಾಜರ, ದೇವರ ಗೊಂಬೆಗಳು ದೊಡ್ಡವು, ಸೇವಕರ, ಸಾಮಾನ್ಯರ ಗೊಂಬೆಗಳು ಸಣ್ಣವು. ಅಳತೆಯೇ ಅಲ್ಲಿ ಮಾತಾಡುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಪರದೆಯ ಹಿಂದೆ ಬಾಳೆಲ್ಲ ಇದೇ ಭಾಷೆಯಲ್ಲಿ ರಾಮಾಯಣ, ಮಹಾಭಾರತಗಳನ್ನು ಆಡಿಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾರು ದೊಡ್ಡವರು ಎಂಬುದನ್ನು ಗಾತ್ರದಲ್ಲೇ ಹೇಳುವ ಆರು ವರ್ಷದ ಮಗು ಆ ಪರಂಪರೆಯಿಂದ ದೂರವೇನೂ ಇಲ್ಲ.

ಹಾಗಾದರೆ ಚಿತ್ರದಿಂದ ಕತೆಗೆ ದಾಟಿಸುವುದು ಹೇಗೆ? ಹೆಚ್ಚಿನದು ನಾವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ‘ಇದೇನು?’ ಎಂದರೆ ಮಗು ‘ಕಾಗೆ’ ಎಂದು ಹೇಳಿ ಮುಗಿಸುತ್ತದೆ. ‘ಕಾಗೆ ಕಪ್ಪಗಿರಬೇಕಲ್ಲವಾ?’ ಎಂದರೆ ಪೆನ್ಸಿಲ್ಲನ್ನೇ ಕೆಳಗಿಡುತ್ತದೆ. ‘ಇವಳು ಈಗಷ್ಟೇ ಎಲ್ಲಿಂದ ಬಂದಳು?’ ಎಂದು ಕೇಳಿ ನೋಡಿ, ಚಿತ್ರದ ಎಡಗಡೆ ಒಂದು ಊರು ಹುಟ್ಟುತ್ತದೆ. ‘ಅವಳಿಗೆ ಕೇಳಿಸುತ್ತಿರುವ ಸದ್ದು ಯಾವುದು?’ ಎಂದರೆ ಗಾಳಿ ಬೀಸುತ್ತದೆ. ‘ಅವಳಿಗೆ ಕಾಣದ್ದು, ನಮಗೆ ಮಾತ್ರ ಕಾಣುತ್ತಿರುವುದು ಯಾವುದು?’ ಎಂದರೆ ಬಾಗಿಲ ಹಿಂದೆ ಕಿವಿಯಿಟ್ಟು ನಿಂತ ಗುಬ್ಬಕ್ಕ ಸಿಗುತ್ತಾಳೆ. ಈ ಕೊನೆಯ ಪ್ರಶ್ನೆಗೆ ಆರು ವರ್ಷದ ಮಗು ಬಿಡಿಸಿದ, ಗೋಡೆಯ ಮೂಲಕ ಒಳಗೆಲ್ಲ ಕಾಣುವ ಮನೆಯೇ ಅತ್ಯುತ್ತಮ ಚಿತ್ರ. ಒಳಗೂ ಹೊರಗೂ ಒಟ್ಟಿಗೆ ಕಂಡಾಗಲೇ ಆ ಕತೆಗೆ ತೂಕ ಬರುವುದು.

ಒಂಬತ್ತು-ಹತ್ತರ ಮಕ್ಕಳ ತೊಂದರೆ ಬೇರೆ. ‘ನನಗೆ ಡ್ರಾಯಿಂಗ್ ಬರಲ್ಲ’ ಎಂಬ ಮಾತು ಶುರುವಾಗುವುದೇ ಆಗ. ಪಕ್ಕದವನ ಕುದುರೆ ಕುದುರೆಯ ಹಾಗೇ ಇದೆ, ನನ್ನದು ಎಮ್ಮೆಯ ಹಾಗಿದೆ ಎಂದು ಮಗು ಹಾಳೆ ಮುಚ್ಚಿಡುತ್ತದೆ. ಅವರನ್ನು ಮತ್ತೆ ಪೆನ್ಸಿಲ್ಲಿನ ಹತ್ತಿರ ಕರೆತರುವ ಒಂದು ದಾರಿ ಕಾಮಿಕ್ಸ್. ಅಲ್ಲಿ ಕಡ್ಡಿಮನುಷ್ಯ ಸಾಕು. ಎರಡು ಹುಬ್ಬಿನ ಗೆರೆ ಒಳಗೆ ಬಾಗಿದರೆ ಸಿಟ್ಟು, ಹೊರಗೆ ಜಾರಿದರೆ ಅಳು, ಎರಡೂ ಮೇಲೆ ಹಾರಿದರೆ ಗಾಬರಿ. ಇಷ್ಟು ಕಲಿಯಲು ಹತ್ತು ನಿಮಿಷ ಸಾಕು.

ಎರಡು ಚೌಕಗಳ ನಡುವಿನ ಸಂದು

ಕಾಮಿಕ್ಸ್ ಹುಟ್ಟಿದ ಮನೆಯಲ್ಲೇ ಒಬ್ಬ ಮೇಷ್ಟ್ರು ಇದ್ದರು. ಜಿನೀವಾದ ರೊಡೊಲ್ಫ್ ಟೋಫರ್ ಹುಡುಗರ ವಸತಿ ಶಾಲೆ ನಡೆಸುತ್ತಿದ್ದವರು. ಚಿತ್ರಕಾರನಾಗುವ ಆಸೆಗೆ ಕಣ್ಣಿನ ದೋಷ ಅಡ್ಡ ಬಂದಿತ್ತು. ಅವರು 1827ರಲ್ಲಿ ತಮಾಷೆಗೆಂದು ಚೌಕಗಳಲ್ಲಿ ಸಾಗುವ ಚಿತ್ರಗಳ ಕತೆಗಳನ್ನು ಬರೆಯತೊಡಗಿದರು, ಶಾಲೆಯ ಹುಡುಗರು ಅವುಗಳ ಮೊದಲ ಓದುಗರಾದರು. ಜರ್ಮನಿಯ ಮಹಾಕವಿ ಗೊಯೆಥೆ ಹಸ್ತಪ್ರತಿ ನೋಡಿ ಮೆಚ್ಚಿಕೊಂಡ ಮೇಲೆ ಅವು 1833ರಿಂದ ಅಚ್ಚಾದವು. ಶಾಲೆಯಲ್ಲಿ ‘ಕಾಮಿಕ್ಸ್ ಓದಿ ಹಾಳಾಗಬೇಡಿ’ ಎಂದು ಬೈಸಿಕೊಂಡವರಿಗೆಲ್ಲ ಸಮಾಧಾನ ಕೊಡುವ ಸಂಗತಿ ಇದು.

ನಮ್ಮ ನೆಲದಲ್ಲಿ ಇದರ ಬೇರು ಇನ್ನೂ ಹಳೆಯದು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಹತ್ತಿರ ಅಮೃತಾಪುರವಿದೆ. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಲ್ಲಿನ ಅಮೃತೇಶ್ವರ ದೇವಸ್ಥಾನದ ಮಂಟಪದ ಹೊರಗೋಡೆಯ ಮೇಲೆ 140 ಕಲ್ಲಿನ ಚೌಕಗಳಿವೆ. ದಕ್ಷಿಣದ ಬದಿಯ 70ರಲ್ಲಿ ರಾಮಾಯಣ. ಉತ್ತರದ ಬದಿಯ 25ರಲ್ಲಿ ಕೃಷ್ಣನ ಕತೆ, 45ರಲ್ಲಿ ಮಹಾಭಾರತ. ಅಲ್ಲಿನ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಎಲ್ಲ ಗುಡಿಗಳಲ್ಲಿ ಸುತ್ತುವಂತೆ ಸುತ್ತಿದರೆ ಪಟ್ಟಾಭಿಷೇಕವೇ ಮೊದಲು ಬಂದೀತು! ಮಕ್ಕಳನ್ನು ಕರೆದುಕೊಂಡು ಹೋಗಿ, ‘ಕತೆ ಯಾವ ಕಡೆಯಿಂದ ಶುರುವಾಗುತ್ತೆ, ಕಂಡುಹಿಡೀರಿ’ ಎಂದು ಬಿಟ್ಟರೆ ಸಾಕು. ಚಿತ್ರಗಳನ್ನು ಯಾವ ಕ್ರಮದಲ್ಲಿ ಇಟ್ಟರೆ ಕತೆಯಾಗುತ್ತದೆ ಎಂಬ ಪಾಠ ಕಾಲಿನಿಂದ ತಲೆಗೆ ಹತ್ತುತ್ತದೆ.

ಅಚ್ಚಿನ ಚಿತ್ರಕತೆಯ ಇತಿಹಾಸದಲ್ಲೂ ಕನ್ನಡಕ್ಕೊಂದು ಮೊದಲ ಪುಟ ಇದೆ. ಅಮರ ಚಿತ್ರ ಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಆದರೆ ಆ ಮಾಲೆಯ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಪಾಶ್ಚಾತ್ಯ ಕಿನ್ನರಕತೆಗಳು ಕನ್ನಡ ಮಾತಾಡಿಕೊಂಡು ಹೊರಬಂದವು. ಹನ್ನೊಂದನೆಯ ಸಂಖ್ಯೆ ಹೊತ್ತು ಬಂದ ‘ಕೃಷ್ಣ’ನಿಂದ ಪುರಾಣಗಳ ಸರಣಿ ಶುರುವಾಯಿತು. ಆಮೇಲಿನ ತಲೆಮಾರಿಗೆ ‘ಬಾಲಮಂಗಳ’ ಪತ್ರಿಕೆಯ ಡಿಂಗ ಬಂದ. ಇವುಗಳನ್ನೆಲ್ಲ ನಾವು ಓದಿದೆವು, ಬದಲು ಮಾಡಿಕೊಂಡೆವು, ಬೈಂಡ್ ಮಾಡಿಸಿದೆವು. ನಾವೇ ಒಂದು ಬರೆಯಬಹುದು ಎಂದು ಮಾತ್ರ ಯಾರೂ ಹೇಳಲಿಲ್ಲ.

ಬರೆಯಲು ಕೂತಾಗ ಕಾಮಿಕ್ಸ್ ಕಲಿಸುವ ಮುಖ್ಯ ಪಾಠ ಚೌಕದ ಒಳಗಿರುವುದಿಲ್ಲ, ಎರಡು ಚೌಕಗಳ ನಡುವಿನ ಬಿಳಿ ಸಂದಿನಲ್ಲಿರುತ್ತದೆ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಬರೆದ ಪುಸ್ತಕದಲ್ಲಿ ಈ ಸಂದನ್ನೇ ಹಿಡಿದು ಮಾತಾಡಿದ್ದಾರೆ. ಒಂದು ಚೌಕದಲ್ಲಿ ಮೋಡ, ಮುಂದಿನದರಲ್ಲಿ ಕರಗಿದ ಮನೆ. ಮನೆ ಬಿದ್ದದ್ದನ್ನು ಯಾರೂ ಬಿಡಿಸಿಲ್ಲ, ಆದರೂ ಓದುಗ ಅದನ್ನು ನೋಡಿರುತ್ತಾನೆ. ಮಕ್ಕಳು ಕತೆ ಬರೆಯುವಾಗ ‘ಆಮೇಲೆ, ಆಮೇಲೆ, ಆಮೇಲೆ’ ಎಂದು ಹಲ್ಲುಜ್ಜಿದ್ದು, ತಿಂಡಿ ತಿಂದದ್ದು ಎಲ್ಲ ಹೇಳುತ್ತಾರಲ್ಲ, ಆ ಚಾಳಿಗೆ ಇದು ಮದ್ದು. ನಾಲ್ಕೇ ಚೌಕ ಇರುವಾಗ ತಿಂಡಿಗೆ ಜಾಗ ಎಲ್ಲಿ? ಬಿಡಲೇಬೇಕು. ಬಿಟ್ಟದ್ದು ಓದುವವನಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ಬರಬೇಕು.

ನಾಲ್ಕು ಚೌಕದ ಲೆಕ್ಕ ನನ್ನದಲ್ಲ. ದೆಹಲಿಯಲ್ಲಿ ಶರದ್ ಶರ್ಮ ಅವರು ಕಟ್ಟಿದ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯವರು ಚಿತ್ರ ಕಲಿಯದ ಹಳ್ಳಿಯವರಿಗೂ ಈ ವಿದ್ಯೆಯನ್ನು ಹೇಳಿಕೊಟ್ಟಿದ್ದಾರೆ. ಎರಡು ಎ4 ಹಾಳೆ ಅಂಟಿಸಿ ನಾಲ್ಕು ಚೌಕ ಮಾಡುವುದು, ಕತೆ ಬಿಡಿಸಿ ಜೆರಾಕ್ಸ್ ಮಾಡಿಸುವುದು, ಬಸ್ ನಿಲ್ದಾಣ, ಅಂಗಡಿ, ಶಾಲೆಯ ಗೋಡೆಗೆ ಅಂಟಿಸುವುದು. ಯಾರು-ಎಲ್ಲಿ ಎಂದು ಹೇಳಲು ಒಂದು ಚೌಕ, ತೊಡಕು ಬೆಳೆಯಲು ಒಂದು, ತಿರುವಿಗೆ ಒಂದು, ಕೊನೆಗೆ ಒಂದು. ಮಕ್ಕಳಿಗೂ ಇದೇ ಅಳತೆ ಸಾಕಾಗುತ್ತದೆ.

ಕಾಮಿಕ್ಸ್ ಬರೆಯುವ ಮಗು ತನಗೆ ಗೊತ್ತಿಲ್ಲದೆ ವ್ಯಾಕರಣಕ್ಕೂ ಕೈ ಹಾಕುತ್ತದೆ. ಕನ್ನಡದ ಅನುಕರಣಾವ್ಯಯಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮಕ್ಕಳ ಮುಂದೆ ಬಾಗಿಲು ಬಡಿಯುವ ಚೌಕ ಇಟ್ಟು ನೋಡಿ. ಟಕ್ ಟಕ್ ಸಾಕೋ, ದಬದಬ ಬೇಕೋ? ಮಳೆ ಜಿಟಿಜಿಟಿಯೋ, ಧೋ ಅಂತಲೋ? ಮನೆ ಕುಸಿದದ್ದು ದೊಪ್ಪನೆಯೋ, ಸಗಣಿಯ ಮನೆಯಾದ್ದರಿಂದ ಪಚಕ್ಕನೆಯೋ? ನಮ್ಮ ಶಿಬಿರದಲ್ಲಿ ಈ ಕೊನೆಯ ಪ್ರಶ್ನೆಗೆ ದೊಡ್ಡ ಜಗಳವೇ ಆಗಿ ಪಚಕ್ ಗೆದ್ದಿತು.

ಮಾತಿನ ಗುಳ್ಳೆಯಿಂದ ಇನ್ನೊಂದು ಉಪಕಾರವಿದೆ. ಶಾಲೆಯ ಪುಸ್ತಕದೊಳಗೆ ಮನೆಮಾತು ಸಂಕೋಚವಿಲ್ಲದೆ ಬರಬಹುದಾದ ಜಾಗ ಅದೊಂದೇ. ಚೌಕದ ಮೇಲಂಚಿನಲ್ಲಿ ‘ಅಂದು ರಾತ್ರಿ ಜೋರಾಗಿ ಮಳೆ ಸುರಿಯಿತು’ ಎಂದು ಪುಸ್ತಕದ ಕನ್ನಡ ಇರಲಿ. ಗುಳ್ಳೆಯೊಳಗೆ ಮೈಸೂರಿನ ಕಾಗಕ್ಕ ‘ಬಾಗ್ಲು ತೆಗ್ಯೇ’ ಎನ್ನುತ್ತಾಳೆ, ಧಾರವಾಡದ ಕಾಗಕ್ಕ ‘ಬಾಗಲಾ ತಗೀಯವಾ’ ಎನ್ನುತ್ತಾಳೆ, ಮಂಗಳೂರಿನವಳು ‘ಬಾಗಿಲು ತೆಗಿ ಮಾರಾಯ್ತಿ’ ಎನ್ನುತ್ತಾಳೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಮಾತಾಡುವ ಮಗುವಿನ ಕಾಗೆ ಆ ಮಾತಿನಲ್ಲೇ ಕೂಗಲಿ. ನಿರೂಪಣೆ ಬೇರೆ, ಪಾತ್ರದ ಮಾತು ಬೇರೆ ಎಂಬ ತಿಳಿವಳಿಕೆಗೆ ದೊಡ್ಡ ಲೇಖಕರೂ ಒದ್ದಾಡುತ್ತಾರೆ. ಗುಳ್ಳೆ ಎಳೆದ ಕೂಡಲೇ ಮಗುವಿಗೆ ಅದು ಸಿಕ್ಕಿಬಿಡುತ್ತದೆ.

ಬಾಗಿಲ ಒಳಗೆ ಯಾರು, ಹೊರಗೆ ಯಾರು

ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದ. ರಂಗದ ಹುಚ್ಚು ಹತ್ತಿ ಮುಂದೆ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ. ಬಿ.ವಿ. ಕಾರಂತ ಎಂದು ನಾಡಿಗೆಲ್ಲ ಹೆಸರಾದ ಆ ಹುಡುಗ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅಲ್ಲಿನ ಬೇಸಿಗೆಯ ಚಿಣ್ಣರ ಮೇಳ ಇಂದು ಮೈಸೂರಿನ ಮಕ್ಕಳ ರಜೆಯ ಒಂದು ಭಾಗ. ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ನಡೆಸಿದರು. ವೈದೇಹಿ ಅವರು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ‘ಧಾಂ ಧೂಂ ಸುಂಟರಗಾಳಿ’ಯಾಗಿ ಮಕ್ಕಳ ಕೈಗೆ ಕೊಟ್ಟರು. ಮಕ್ಕಳ ನಾಟಕಕ್ಕೆ ಕನ್ನಡದಲ್ಲಿ ಕೊರತೆಯಿಲ್ಲ.

ಆದರೆ ನಾಟಕ ಆಡಿಸುವುದು ಬೇರೆ, ನಾಟಕದಿಂದ ಕತೆ ಕಟ್ಟಿಸುವುದು ಬೇರೆ. ವಾರ್ಷಿಕೋತ್ಸವದ ನಾಟಕದಲ್ಲಿ ಮಾತು ಮೊದಲೇ ಬರೆದಿರುತ್ತದೆ. ಮಗು ಬಾಯಿಪಾಠ ಮಾಡುತ್ತದೆ, ಪರದೆಯ ಪಕ್ಕದಿಂದ ಟೀಚರ್ ಪಿಸುಗುಡುತ್ತಾರೆ, ಅಪ್ಪ-ಅಮ್ಮ ಮೊಬೈಲ್ ಎತ್ತಿ ಹಿಡಿಯುತ್ತಾರೆ. ಎರಡನೆಯ ಬಗೆಗೆ ವೇದಿಕೆಯೂ ಬೇಡ, ಪ್ರೇಕ್ಷಕರೂ ಬೇಡ. ಶಿಕಾಗೊದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ ಇದನ್ನು ದಿನಚರಿಯನ್ನಾಗಿ ಮಾಡಿಕೊಂಡಿದ್ದರು. ಮಗು ಕತೆ ಹೇಳುತ್ತದೆ, ಟೀಚರ್ ಒಂದಕ್ಷರ ತಿದ್ದದೆ ಅದರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಆಮೇಲೆ ತರಗತಿಯ ಮಕ್ಕಳೆಲ್ಲ ಸೇರಿ ಜಮಖಾನೆಯ ಮೇಲೆ ಅದನ್ನು ಆಡುತ್ತಾರೆ. ಎರಡೇ ವಾಕ್ಯದ ಕತೆಯಾದರೂ ಸರಿ. ತನ್ನ ಕತೆ ಬೇರೆಯವರ ಮೈಯಲ್ಲಿ ಎದ್ದು ಓಡಾಡುವುದನ್ನು ನೋಡಿದ ಮಗು ನಾಳೆ ಹೇಳುವ ಕತೆಯಲ್ಲಿ ಗೆಳೆಯರಿಗೆಲ್ಲ ಪಾತ್ರ ಇಡಲು ಯೋಚಿಸುತ್ತದೆ.

ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆ ಗಿರಣಿಯಲ್ಲಿ ನೇಯುತ್ತಿದ್ದ ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಮುಂದೆ ನಾಟಕ ಶಿಕ್ಷಣದ ದೊಡ್ಡ ಹೆಸರಾದರು. ಟೀಚರ್ ತಾನೇ ಒಂದು ಪಾತ್ರವಾಗಿ ಮಕ್ಕಳ ನಡುವೆ ಇಳಿಯುವುದು ಅವರ ದಾರಿ. ನಾನೂ ಶಿಬಿರದಲ್ಲಿ ದುಪಟ್ಟಾ ಹೊದ್ದು ಗೂಬಜ್ಜಿಯಾದೆ. ‘ರಾತ್ರಿಯೆಲ್ಲ ಬಾಗಿಲು ಬಡಿಯೋ ಸದ್ದು. ಯಾರ ಮನೇದು ಗಲಾಟೆ? ನನಗೆ ಕಿವಿ ಮಂದ, ಬಿಡಿಸಿ ಹೇಳಿ’ ಎಂದೆ. ಮಿಸ್‌ಗೆ ಹೇಳಲು ಹಿಂಜರಿಯುತ್ತಿದ್ದ ಮಕ್ಕಳು ಏನೂ ಗೊತ್ತಿಲ್ಲದ ಗೂಬಜ್ಜಿಗೆ ಕೈ ಬಾಯಿ ತಿರುಗಿಸಿ ವಿವರಿಸತೊಡಗಿದರು. ಗೊತ್ತಿಲ್ಲದವರಿಗೆ ಹೇಳಬೇಕಾದಾಗ ಕತೆ ತಾನಾಗಿ ಸ್ಪಷ್ಟವಾಗುತ್ತದೆ.

ಚೌಕದಿಂದ ನಾಟಕಕ್ಕೆ ದಾಟಲು ಮಕ್ಕಳ ಹತ್ತಿರವೇ ಒಂದು ಆಟವಿದೆ, ಸ್ಟ್ಯಾಚು. ಪ್ರತಿ ಚೌಕವನ್ನೂ ಮೈಯಿಂದ ಮಾಡಿ, ಅಲುಗಾಡದೆ ನಿಲ್ಲಬೇಕು. ನಾನು ಒಬ್ಬೊಬ್ಬರ ಭುಜ ಮುಟ್ಟಿದಾಗ ಆ ಕ್ಷಣ ಪಾತ್ರದ ತಲೆಯಲ್ಲಿ ಏನಿದೆಯೋ ಅದನ್ನು ಹೇಳಬೇಕು. ಮೂರನೇ ಚೌಕಕ್ಕೆ ಬಂದೆವು. ಎರಡು ಕುರ್ಚಿಯ ನಡುವೆ ದುಪಟ್ಟಾ ಕಟ್ಟಿ ಬಾಗಿಲು ಮಾಡಿದ್ದೆವು. ಗುಬ್ಬಕ್ಕನಾಗಿದ್ದ ಹುಡುಗನ ಭುಜ ಮುಟ್ಟಿದೆ. ಮಗುವಿಗೆ ನೀರು ಹಾಕುತ್ತಿದ್ದೇನೆ ಎನ್ನುತ್ತಾನೆಂದು ಎಲ್ಲರೂ ಕಾಯುತ್ತಿದ್ದರು.

‘ಮಗು ಆಗಲೇ ಮಲಗಿದೆ’ ಎಂದ ಅವನು. ‘ಸುಮ್ನೆ ಹೇಳ್ತಾ ಇದೀನಿ. ಹೋದ ವಾರ ಇವಳು ನಮ್ಮ ಮನೆ ಕಾಳು ಕದ್ದಿದ್ದಳು.’

ಚಾಪೆಯ ಮೇಲೆ ಸದ್ದಿಲ್ಲ. ಯಾವ ಅಜ್ಜಿಯೂ ಹೇಳದ ಕಾರಣ ಅದು. ಅಷ್ಟು ದಿನ ಬರೀ ನೆವಗಳ ಸರಮಾಲೆಯಾಗಿದ್ದ ಕತೆಗೆ ಒಂದು ಹಿಂದಿನ ದಿನ ಬಂತು. ಕಾಗಕ್ಕನಾಗಿದ್ದ ಹುಡುಗಿ, ಅದೇ ನಾಲ್ಕು ಚೌಕದವಳು, ದುಪಟ್ಟಾದ ಆಚೆ ಸ್ವಲ್ಪ ಹೊತ್ತು ನಿಂತಿದ್ದು ಹೇಳಿದಳು: ‘ಹೌದು, ಕದ್ದಿದ್ದೆ. ಮಳೆ ನಿಂತ ಮೇಲೆ ಬಯ್ಯಿ. ಈಗ ಬಾಗಿಲು ತೆಗಿ.’

ಮಾತು ಬರೆದುಕೊಟ್ಟು ನಾಟಕ ಮಾಡಿಸಿದ್ದರೆ ಈ ಎರಡು ಮಾತು ನನಗೆ ಸಿಗುತ್ತಿರಲಿಲ್ಲ. ಚಿತ್ರದಲ್ಲಿ ಮಗು ನೋಡುತ್ತದೆ, ಚೌಕಗಳಲ್ಲಿ ಜೋಡಿಸುತ್ತದೆ. ಬಾಗಿಲ ಒಂದು ಬದಿಯಲ್ಲಿ ತಾನೇ ನಿಂತಾಗ ಪಾತ್ರಕ್ಕೆ ಏನು ಬೇಕು, ಯಾಕೆ ಬೇಕು ಎಂಬುದು ಹೊಟ್ಟೆಯೊಳಗಿಂದ ಬರುತ್ತದೆ.

ಒಂದೇ ಗಂಟು, ಮೂರು ಮೇಜು

ಪ್ರತಿಭಾ ಕಾರಂಜಿ ನಡೆಯುವ ಶಾಲೆಗೆ ಹೋಗಿ ನೋಡಿ. ಒಂದು ಕೋಣೆಯಲ್ಲಿ ಕತೆ ಹೇಳುವ ಸ್ಪರ್ಧೆ, ಇನ್ನೊಂದರಲ್ಲಿ ಚಿತ್ರಕಲೆ, ಮತ್ತೊಂದರಲ್ಲಿ ಛದ್ಮವೇಷ. ಮೂರಕ್ಕೂ ಬೇರೆ ಬೇರೆ ತೀರ್ಪುಗಾರರು, ಬೇರೆ ಬೇರೆ ಅಂಕ. ಹಳ್ಳಿಯ ಮಕ್ಕಳಿಗೂ ವೇದಿಕೆ ಕೊಟ್ಟ ಕಾರ್ಯಕ್ರಮ ಅದು, ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಮಗುವಿನ ಮಟ್ಟಿಗೆ ಈ ಮೂರೂ ಒಂದೇ ಗಂಟು. ಗೀಚುತ್ತಲೇ ಅದು ಬಾಯಲ್ಲಿ ‘ಢಿಶುಂ’ ಎನ್ನುತ್ತದೆ, ‘ಢಿಶುಂ’ ಎನ್ನುತ್ತಲೇ ಎದ್ದು ಒದೆಯುತ್ತದೆ. ನಾವು ಗಂಟು ಬಿಚ್ಚಿ ಮೂರು ಮೇಜಿನ ಮೇಲೆ ಇಡುತ್ತೇವೆ. ಒನಕೆ ಓಬವ್ವನ ವೇಷ ಹಾಕಿದ ಮಗು ನಾಲ್ಕು ಸಾಲು ಒಪ್ಪಿಸಿ ಇಳಿಯುತ್ತದೆ. ಕಿಂಡಿಯ ಹತ್ತಿರ ಸದ್ದು ಕೇಳಿದಾಗ ಓಬವ್ವನ ಕೈಯಲ್ಲಿದ್ದ ನೀರಿನ ಕೊಡ ಏನಾಯಿತು ಎಂದು ಅದನ್ನು ಯಾರೂ ಕೇಳುವುದಿಲ್ಲ.

ಬದಲಾವಣೆಗೆ ಕಾಗದದ ಮೇಲೆ ಅಡ್ಡಿಯೇನೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ಪಾಠಗಳೊಳಗೆ ಬೆರೆಸಬೇಕೆಂದು ಹೇಳುತ್ತದೆ. ಅದಕ್ಕೂ ಬಹಳ ಮೊದಲು, 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಹಾಡು, ಕತೆ, ಆಟಗಳನ್ನು ಸರ್ಕಾರಿ ಶಾಲೆಯ ಸಣ್ಣ ತರಗತಿಗಳಿಗೆ ತಂದಿತು. ಗುಜರಾತಿನ ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ದಲ್ಲಿ ಕಲ್ಪಿಸಿದ ಲಕ್ಷ್ಮೀರಾಮ್ ಮೇಷ್ಟ್ರಂತೂ ಗದ್ದಲದ ತರಗತಿಯನ್ನು ಕತೆಯಿಂದಲೇ ಗೆದ್ದವರು.

ಅಡ್ಡಿ ಇರುವುದು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಐವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಇರುವಲ್ಲಿ, ಪಕ್ಕದ ತರಗತಿಗೆ ಸದ್ದಾಗುತ್ತದೆಂಬ ದೂರಿನಲ್ಲಿ. ಅದನ್ನು ಹಗುರ ಮಾಡಿ ಹೇಳಲಾರೆ. ಚಿತ್ರ-ನಾಟಕ ಮಾಡಿದರೆ ಒತ್ತಕ್ಷರ ತಾನಾಗಿ ಬರುತ್ತದೆ ಎಂದೂ ಹೇಳಲಾರೆ, ಅದಕ್ಕೆ ಅಭ್ಯಾಸವೇ ಬೇಕು. ನಾಟಕವೆಂದರೆ ಮೂಲೆ ಹಿಡಿಯುವ ಮಕ್ಕಳಿದ್ದಾರೆ, ಅವರಿಗೆ ಸದ್ದು ಮಾಡುವ ಕೆಲಸ ಕೊಡಬಹುದು. ಡಬ್ಬಿಯೊಳಗೆ ಕಾಳು ಹಾಕಿ ಮಳೆ ಮಾಡುವವರೂ ಕತೆಯೊಳಗೇ ಇರುತ್ತಾರೆ. ಆದರೆ ಒಂದು ಲಾಭ ಕಣ್ಣಾರೆ ಕಂಡದ್ದು. ಚೌಕ ಎಳೆದು, ಆಡಿ ಮುಗಿಸಿದ ಮೇಲೆ ಅದೇ ಮಕ್ಕಳಿಗೆ ಬರೆಯಲು ಹೇಳಿದಾಗ ಹಾಳೆ ಸಾಲದೆ ಇನ್ನೊಂದು ಕೇಳಿದರು. ಗುಳ್ಳೆಯ ಮಾತು ಉದ್ಧರಣ ಚಿಹ್ನೆಯೊಳಗೆ ಹೋಯಿತು, ಚೌಕದ ಮೇಲಂಚಿನ ಸಾಲು ನಿರೂಪಣೆಯಾಯಿತು. ಬರೆಯಲು ಏನೋ ಒಂದು ಕೈಯಲ್ಲಿದ್ದರೆ ಹೇಗೆ ಬರೆಯಬೇಕೆಂದು ಕಲಿಯುವ ಹಟ ಬರುತ್ತದೆ.

ಹಳೆಯ ಕ್ಯಾಲೆಂಡರಿನ ಹಿಂಬದಿ

ಮನೆಯಲ್ಲಿ ಮಾಡಲು ಖರ್ಚಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಷ್ಟು ಒಳ್ಳೆಯ ಕಾಮಿಕ್ಸ್ ಹಾಳೆ ಅಂಗಡಿಯಲ್ಲಿ ಸಿಗುವುದಿಲ್ಲ. ನಾಲ್ಕಾಗಿ ಮಡಚಿದರೆ ಚೌಕಕ್ಕೆ ಸ್ಕೇಲೂ ಬೇಡ. ಏನು ಬರೆಯುವುದು ಎಂದು ಮಗು ಕೂತುಬಿಟ್ಟರೆ ಇಟಲಿಯ ಮಕ್ಕಳ ಲೇಖಕ ಜಾನಿ ರೊದಾರಿ 1973ರ ಪುಸ್ತಕದಲ್ಲಿ ಹೇಳಿದ ಆಟ ಆಡಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ ಹೆಕ್ಕುವುದು ಆ ಆಟ. ಅವರು ಕೊಟ್ಟ ಜೋಡಿ ನಾಯಿ ಮತ್ತು ಬೀರು. ನಾವು ಇಡ್ಲಿ ಪಾತ್ರೆ ಮತ್ತು ಪೊಲೀಸ್ ಎನ್ನಬಹುದು, ಮಲ್ಲಿಗೆ ಮೊಳ ಮತ್ತು ಬುಲ್ಡೋಜರ್ ಎನ್ನಬಹುದು. ಎರಡನ್ನೂ ಒಂದೇ ಚೌಕದೊಳಗೆ ನಿಲ್ಲಿಸಿದರೆ ಅವು ಹೇಗೆ ಭೇಟಿಯಾದವು ಎಂದು ಮಗು ಹೇಳಲೇಬೇಕಾಗುತ್ತದೆ.

ಕರೆಂಟು ಹೋದ ರಾತ್ರಿ ಮೊಬೈಲ್ ಟಾರ್ಚು, ಒಂದು ಬಿಳಿ ಪಂಚೆ, ರಟ್ಟಿನಿಂದ ಕತ್ತರಿಸಿದ ಎರಡು ಹಕ್ಕಿ ಇದ್ದರೆ ನೆರಳಿನಾಟವಾಗುತ್ತದೆ. ಮಗು ಕತೆ ಹೇಳುವಾಗ ಅದರ ಮಾತಿನಲ್ಲೇ ಬರೆದುಕೊಂಡು, ಮಾರನೇ ದಿನ ಅದಕ್ಕೇ ಓದಿ ಹೇಳಿ. ‘ಹೋಗಿದ್ನಂತೆ’ ಎಂದದ್ದನ್ನು ‘ಹೋಗಿದ್ದನು’ ಎಂದು ತಿದ್ದಬೇಡಿ. ಕೊನೆ ಸಿಗದಿದ್ದರೆ ನೀವು ಹೇಳಿಕೊಡಬೇಡಿ, ಒಂದು ದಿನ ಕಾಯಿರಿ. ದೊಡ್ಡವರಿಗೆ ಇದೇ ಕಷ್ಟದ ಕೆಲಸ. ಮಗುವಿನ ಕತೆಗೆ ನೀತಿ ಸೇರಿಸುವ ಆತುರ, ಊಟದ ಎಲೆಗೆ ಉಪ್ಪು ಬಡಿಸುವ ಹಾಗೆ, ನಮ್ಮ ಕೈಗೆ ಅಂಟಿಕೊಂಡಿದೆ.

ಶಿಬಿರದ ಕೊನೆಯ ದಿನ ಎಲ್ಲರ ಹಾಳೆಗಳನ್ನೂ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಸುತಲಿ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆವು. ಆ ಹುಡುಗಿಯ ನಾಲ್ಕನೇ ಚೌಕ ತುಂಬಿತ್ತು. ಬಾಗಿಲು ಅದರಲ್ಲಿ ಇರಲೇ ಇಲ್ಲ. ಒಲೆ ಉರಿಯುತ್ತಿದೆ, ಅದರ ಮುಂದೆ ಎರಡು ಹಕ್ಕಿಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ಗುಳ್ಳೆ ಒಂದೂ ಇಲ್ಲ.

‘ಯಾಕೆ ಇಬ್ಬರೂ ಮಾತಾಡ್ತಾ ಇಲ್ಲ?’ ಎಂದು ಕೇಳಿದೆ.

‘ಇನ್ನೂ ಟೂ ಬಿಟ್ಟಿದಾರೆ ಮಿಸ್’ ಎಂದಳು. ಆಮೇಲೆ, ನಾನು ಗಮನಿಸಲಿಲ್ಲವೆಂದು ಅನುಮಾನ ಬಂದು, ಎರಡು ಹಕ್ಕಿಗಳನ್ನೂ ಸುತ್ತಿಕೊಂಡಿದ್ದ ಒಂದೇ ಒಂದು ಗೆರೆಯನ್ನು ಬೆರಳಿನಿಂದ ತೋರಿಸಿದಳು. ‘ಕಂಬಳಿ ಒಂದೇ ಇತ್ತು.’